ಶಾಲು: ಹೆಸರಿನ ಹಿನ್ನೆಲೆ, ವಸ್ತ್ರದ ಹಿರಿಮೆ

ನಮ್ಮ ಸಭೆ-ಸಮಾರಂಭಗಳಲ್ಲಿ ಶಾಲು ಹೊದಿಸದೆ ಸನ್ಮಾನವು ಪೂರ್ಣಗೊಳ್ಳುವುದಿಲ್ಲ. ಹಾರ, ಫಲತಾಂಬೂಲ, ಮೈಸೂರು ಪೇಟಗಳ ಜೊತೆಗೆ ಶಾಲೂ ಇರಲೇಬೇಕು. ಹೀಗೆ ನಮ್ಮದೇ ಆಗಿಹೋಗಿರುವ ಈ ವಸ್ತ್ರದ ಹೆಸರು ಮಾತ್ರ ಅಚ್ಚಗನ್ನಡದ್ದಲ್ಲ.

‘ಶಾಲು’ ಪದದ ಮೂಲ ಪಾರಸಿಯ ‘ಶಾಲ್’. ಕನ್ನಡದ ಜಾಯಮಾನಕ್ಕೆ ತಕ್ಕಂತೆ ಕೊನೆಗೆ ಉಕಾರ ಸೇರಿ ಅದು ‘ಶಾಲು’ ಆಯಿತು. ಇಂಗ್ಲಿಷಿನ ‘ಷಾಲ್’ ಸಹ ಇದೇ ಮೂಲದ್ದು. ಹೆಗಲ ಮೇಲೆ ವಸ್ತ್ರ ಧರಿಸುವ ಪದ್ಧತಿ ನಮ್ಮಲ್ಲಿ ಪ್ರಾಚೀನವಾದುದು. ಅದಕ್ಕೆ ‘ಉತ್ತರೀಯ’ವೆಂಬ ಹೆಸರಿತ್ತು. ಚಳಿಯನ್ನು ತಡೆಯುವ ಉಣ್ಣೆಯ ಶಾಲಿಗೆ ಕೀರ್ತಿ ತಂದುದು ಕಾಶ್ಮೀರ.

ಪಾರಸಿಯಲ್ಲಿ ‘ಪಶ್ಮ್’ ಎಂದರೆ ಉಣ್ಣೆ. ‘ಪಶ್ಮೀನಾ’ ಅದರಿಂದಲೇ ಬಂದಿದೆ. ಲಡಾಖಿನ ಚಾಂಗ್‌ಥಾಂಗ್ ಪ್ರಸ್ಥಭೂಮಿಯ ಮೇಕೆಗಳಿಗೆ ಕಡುಚಳಿಯಲ್ಲಿ ಒರಟು ಕೂದಲಿನ ಅಡಿಯಲ್ಲಿ ಮೃದುವಾದ ತುಪ್ಪಳ ಬೆಳೆಯುತ್ತದೆ. ಚಳಿಗಾಲ ಕಳೆದ ಮೇಲೆ ಅದನ್ನು ಬಾಚಿ ತೆಗೆಯುತ್ತಾರೆ. ಸುಮಾರು 12ರಿಂದ 16 ಮೈಕ್ರಾನ್ ದಪ್ಪದ ಆ ಎಳೆಯನ್ನು ಕಾಶ್ಮೀರದ ಮಹಿಳೆಯರು ಚರಕದಲ್ಲಿ ನೂಲುತ್ತಾರೆ. ‘ಕಾನಿ’ ಶಾಲನ್ನು ನೇಯುವಾಗ ಬಣ್ಣದ ನೂಲು ಸುತ್ತಿದ ಪುಟ್ಟ ಮರದ ಕಡ್ಡಿಗಳನ್ನು ಬಳಸುತ್ತಾರೆ. ಚಿತ್ತಾರಗಳನ್ನು ಸಂಕೇತಗಳಲ್ಲಿ ಬರೆದ ‘ತಾಲೀಮ್’ ಹಾಳೆಯನ್ನು ಓದುತ್ತ ಸಾಲು ಸಾಲಾಗಿ ನೇಯುವ ಈ ಕೆಲಸಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಅಕ್ಬರನಿಗೆ ಶಾಲಿನ ಮೇಲೆ ವಿಶೇಷ ಒಲವಿತ್ತೆಂಬುದು ಅಬುಲ್ ಫಜಲನ ‘ಐನ್-ಇ-ಅಕ್ಬರಿ’ಯಿಂದ ತಿಳಿಯುತ್ತದೆ. ಎರಡು ಶಾಲುಗಳನ್ನು ಜೋಡಿಸಿ ಹೊದೆಯುವ ‘ದೋಶಾಲಾ’ ಪದ್ಧತಿಯ ಉಲ್ಲೇಖವೂ ಅಲ್ಲಿದೆ. 19ನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಪೇಸ್ಲಿ ಪಟ್ಟಣವು ಕಾಶ್ಮೀರಿ ಶಾಲುಗಳನ್ನು ಅನುಕರಿಸಿ ನೇಯತೊಡಗಿತು. ನಮ್ಮ ಮಾವಿನಕಾಯಿ ಚಿತ್ತಾರಕ್ಕೆ ಪಾಶ್ಚಾತ್ಯರು ಆ ಪಟ್ಟಣದ ಹೆಸರನ್ನೇ ಇಟ್ಟರು!

ಕಾಶ್ಮೀರದ ಪಶ್ಮೀನಾಕ್ಕೆ 2008ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆದರೂ ಯಂತ್ರದಲ್ಲಿ ನೇಯ್ದ ಕೃತಕ ನೂಲಿನ ಶಾಲುಗಳು ಅದೇ ಹೆಸರಿನಲ್ಲಿ ಮಾರಾಟವಾಗುತ್ತಿವೆ. ಇನ್ನು ‘ಶಾಹತೂಶ್’ ಶಾಲಿಗಾಗಿ ಚಿರು ಎಂಬ ಟಿಬೆಟಿನ ಜಿಂಕೆಯನ್ನು ಕೊಲ್ಲಬೇಕಾಗುತ್ತದೆ. ಆದುದರಿಂದ ಅದರ ಮಾರಾಟವು ಕಾನೂನಿನನ್ವಯ ನಿಷಿದ್ಧ.

ನಮ್ಮ ತೀರ್ಥರೂಪರಿಗೆ ಸನ್ಮಾನಗಳಲ್ಲಿ ಸಂದ ಶಾಲುಗಳು ಇಂದಿಗೂ ಕಪಾಟಿನಲ್ಲಿ ಮಡಿಸಿಟ್ಟಂತೆಯೇ ಇವೆ. ಅವರು ಕೊನೆಯವರೆಗೂ ಹೊದೆದದ್ದು ತಾಯಿಯವರು ಕೊಂಡು ತಂದಿದ್ದ ಸಾದಾ ಉಣ್ಣೆಯ ಶಾಲೊಂದನ್ನು ಮಾತ್ರ. ಹಿರಿಯರನ್ನು ಗೌರವಿಸುವಾಗ ಜರಿಯಂಚಿನ ಹೊಳಪಿಗಿಂತ ಹೊದೆಯಲು ಯೋಗ್ಯವಾದ ಬೆಚ್ಚನೆಯ ಶಾಲನ್ನು ಆರಿಸಿದರೆ, ಹೊದಿಸಿದ್ದೂ ಸಾರ್ಥಕ, ನೇಯ್ದ ಕೈಗಳ ಶ್ರಮವೂ ಸಾರ್ಥಕ.