ಲಸಿಕೆ ಹಾಕಿಸಿದ ಕೋಳಿ ಸತ್ತಿದ್ದು ಯಾಕೆ?

ಬೇಸಿಗೆಯಲ್ಲಿ ಸೊಕ್ಕೆಗೆ ಹೋದಾಗ ದೊಡ್ಡಮ್ಮನ ಅಂಗಳ ಬಿಕೋ ಅನ್ನುತ್ತಿತ್ತು. ಹದಿನೆಂಟು ನಾಟಿ ಕೋಳಿಗಳಲ್ಲಿ ಉಳಿದಿದ್ದು ಮೂರು. "ಇಂಜೆಕ್ಷನ್ ಹಾಕ್ಸಿದ್ನಲ್ಲಪ್ಪ, ಆದ್ರೂ ಸತ್ವು" ಅಂದ್ಲು. ಹಸಿರು ಭೇದಿ, ತಿರುಚಿದ ಕತ್ತು. ಲ್ಯಾಬ್ ಪರೀಕ್ಷೆ ಆಗಿಲ್ಲ, ಆದರೆ ಲಕ್ಷಣವೆಲ್ಲ ಕೊಕ್ಕರೆ ರೋಗದ್ದೇ. ಪುಸ್ತಕಗಳಲ್ಲಿ ಇದು ರಾಣಿಖೇತ್ ಅಥವಾ ನ್ಯೂಕ್ಯಾಸಲ್ ರೋಗ.

ಇಂಥ ಹೊತ್ತಿಗೆ ಎರಡು ಮಾತು ರೆಡಿ ಇರುತ್ತವೆ. ಲಸಿಕೆಯೇ ಬೋಗಸ್ ಅನ್ನೋದು ಒಂದು, ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ ಅನ್ನೋದು ಇನ್ನೊಂದು. ನನಗೆ ಎರಡೂ ಒಪ್ಪಿಗೆಯಿಲ್ಲ.

ನಾಟಿ ಕೋಳಿಗೆ ಚುಚ್ಚುವ ಆರ್‌2ಬಿ ಜೀವಂತ ಲಸಿಕೆ. ಸೀಸೆಯೊಳಗೆ ಇರುವುದು ದುರ್ಬಲಗೊಳಿಸಿದ, ಆದರೆ ಬದುಕಿರುವ ವೈರಸ್. ಅದು 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಜಗಳೂರಿನ ಏಪ್ರಿಲ್ ಬಿಸಿಲಲ್ಲಿ ಐಸ್ ಇಲ್ಲದೆ ಬೈಕಿನಲ್ಲಿ ಬಂದರೆ ವೈರಸ್ ದಾರೀಲೇ ಸಾಯುತ್ತೆ, ಕೋಳಿಗೆ ಚುಚ್ಚಿದ್ದು ಬರೀ ನೀರು. ಫಾರಂಗಳಲ್ಲಿ ಲಸಿಕೆಯನ್ನು ಕುಡಿಯುವ ನೀರಲ್ಲಿ ಕೊಡೋದುಂಟು. ಆ ನೀರಿಗೆ ಬ್ಲೀಚಿಂಗ್ ಪೌಡರ್ ಬಿದ್ದಿದ್ದರೆ ಅಲ್ಲೂ ಅದೇ ಕತೆ. ಕ್ಲೋರಿನ್ ತಡೆಯಲೆಂದೇ ಹಾಲಿನ ಪುಡಿ ಬೆರೆಸುತ್ತಾರೆ. ಗುಂಬೋರೋ ಬಂದು ಹೋದ ಮರಿಗಳಿಗಂತೂ ಒಳ್ಳೆ ಲಸಿಕೆಯೂ ಸರಿಯಾಗಿ ಹತ್ತಲ್ಲ.

ಇನ್ನೊಂದು ವಿಷಯ ಯಾರೂ ಬಿಡಿಸಿ ಹೇಳಲ್ಲ. ಈ ಲಸಿಕೆ ಸಾವನ್ನು ತಡೆಯುತ್ತದೆ, ಸೋಂಕನ್ನು ಪೂರ್ತಿ ತಡೆಯಲ್ಲ. ಲಸಿಕೆ ಆದ ಕೋಳಿ ಗಟ್ಟಿಮುಟ್ಟಾಗಿ ಓಡಾಡುತ್ತಲೇ ಹಿಕ್ಕೆಯಲ್ಲಿ ವೈರಸ್ ಹರಡಬಹುದು. ಪಕ್ಕದಲ್ಲಿ ಲಸಿಕೆ ತಪ್ಪಿದ ಕೋಳಿ ಇದ್ದರೆ ಅದರ ಕತೆ ಮುಗೀತು.

ದೊಡ್ಡಮ್ಮನ ಅಂಗಳದಲ್ಲಿ ತಪ್ಪಿದವೆಷ್ಟು? ಕೇಳಿದೆ. ಲಸಿಕೆಯವರು ಬಂದಿದ್ದು ಮಧ್ಯಾಹ್ನ. ಕೋಳಿಗಳೆಲ್ಲ ತಿಪ್ಪೆ, ಬೇಲಿಸಾಲಲ್ಲಿ ಮೇಯ್ತಿದ್ದವು. ಕೈಗೆ ಸಿಕ್ಕಿದ್ದು ಏಳೋ ಎಂಟೋ. ಸೀಸೆಯಲ್ಲಿ ನೂರೋ ಇನ್ನೂರೋ ಡೋಸ್ ಇರುತ್ತೆ, ಕರಗಿಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಕೋಳಿ ಗೂಡು ಸೇರೋವರೆಗೆ ಅದು ಕಾಯಲ್ಲ, ಆಫೀಸಿನ ಟೈಮೂ ಕಾಯಲ್ಲ. ಹತ್ತಿಪ್ಪತ್ತು ಕೋಳಿ ಸಾಕುವ ಹೆಂಗಸರನ್ನು ಲೆಕ್ಕಕ್ಕಿಟ್ಟು ಮಾಡಿದ ವ್ಯವಸ್ಥೆಯೇ ಅಲ್ಲ ಇದು.

2020ರ ಮಾರ್ಚ್‌ನಲ್ಲಿ ನಮ್ಮದೇ ಜಿಲ್ಲೆಯ ಬನ್ನಿಕೋಡಿನಲ್ಲಿ ಹಕ್ಕಿಜ್ವರ ಬಂದಾಗ ಇಡೀ ಆಡಳಿತ ಓಡಿ ಬಂತು. ಅದು ಬೇರೆ ವೈರಸ್, ಮನುಷ್ಯರಿಗೂ ತಗುಲಬಹುದು ಅನ್ನೋ ಭಯ ಇತ್ತು. ಕೊಕ್ಕರೆ ರೋಗಕ್ಕೆ ಆ ಭಯ ಇಲ್ಲ, ಹಾಗಾಗಿ ದೊಡ್ಡಮ್ಮನ ಹದಿನೈದು ಕೋಳಿಯ ಲೆಕ್ಕ ಕೇಳೋಕೆ ಯಾರೂ ಬರಲಿಲ್ಲ.

ಲಸಿಕೆ ನಮ್ಮ ರಾಜ್ಯದಲ್ಲೇ, ಹೆಬ್ಬಾಳದ ಸರ್ಕಾರಿ ಸಂಸ್ಥೆಯಲ್ಲಿ ತಯಾರಾಗುತ್ತೆ. ಅಲ್ಲಿಂದ ಸೊಕ್ಕೆಯವರೆಗೆ ಐಸ್ ಬಾಕ್ಸ್, ಊರಿನ ಪಶುಸಖಿಗೆ ತರಬೇತಿ ಮತ್ತು ದುಡ್ಡು, ಬೆಳಗ್ಗೆ ಗೂಡಿನ ಬಾಗಿಲು ತೆಗೆಯೋ ಮೊದಲೇ ಇಡೀ ಊರಿನ ಕೋಳಿಗೆ ಒಂದೇ ಸಲ ಲಸಿಕೆ. ಗ್ರಾಮಸಭೆಯಲ್ಲಿ ಕೇಳೋಕೆ ಇದೇನು ದೊಡ್ಡ ಬೇಡಿಕೆ ಅಲ್ಲ. ಉಳಿದ ಮೂರರಲ್ಲಿ ಒಂದನ್ನು ದೊಡ್ಡಮ್ಮ ಆಗಲೇ ಕಾವಿಗೆ ಕೂರಿಸಿದ್ದಾಳೆ.