ಒಂಬತ್ತನೇ ಮಹಡಿಯಿಂದ ಇಳಿದುಬಂದ ಫಾರ್ಮಸಿಸ್ಟ್

ಅಮೆರಿಕದ ಫಾರ್ಮಸಿಸ್ಟರ ಸಂಘ 1952ರಲ್ಲಿ ತನ್ನ ಸದಸ್ಯರಿಗೆ ಒಂದು ನೀತಿಸಂಹಿತೆ ಹೊರಡಿಸಿತು. ಚೀಟಿಯಲ್ಲಿ ಬರೆದ ಔಷಧಿಯಲ್ಲಿ ಏನೇನಿದೆ, ಅದು ಮೈಯಲ್ಲಿ ಏನು ಮಾಡುತ್ತದೆ ಎಂಬುದನ್ನು ರೋಗಿಯ ಜೊತೆ ಚರ್ಚಿಸಬಾರದು ಎನ್ನುವುದು ಅದರ ಕಟ್ಟಳೆಗಳಲ್ಲೊಂದು. ಯಾರಾದರೂ ಕೇಳಿದರೆ ಡಾಕ್ಟರ ಕಡೆ ಕೈ ತೋರಿಸಬೇಕು. ವರ್ಷಗಟ್ಟಲೆ ಔಷಧಶಾಸ್ತ್ರ ಓದಿ ಬಂದವನಿಗೆ ಉಳಿದದ್ದು ಮಾತ್ರೆ ಎಣಿಸುವ ಕೆಲಸ, ಸೀಸೆಗೆ ಲೇಬಲ್ ಅಂಟಿಸುವ ಕೆಲಸ. ಇವತ್ತು ಸಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿ ಅದೇ ಕಸುಬಿನವರು ಲಸಿಕೆ ಚುಚ್ಚುತ್ತಾರೆ, ಗರ್ಭನಿರೋಧಕ ಮಾತ್ರೆಯನ್ನು ತಾವೇ ವಿಚಾರಿಸಿ ಕೊಡುತ್ತಾರೆ. ಒಂದು ಸಂದರ್ಭದಲ್ಲಂತೂ ಡಾಕ್ಟರ ಚೀಟಿಯ ಹಂಗಿಲ್ಲದೆ ಆ್ಯಂಟಿಬಯಾಟಿಕ್ ಕೂಡ ಕೊಡಬಹುದು. ಆ ಸಂದರ್ಭ ಯಾವುದೆಂದು ಕೇಳಿದರೆ ಕನ್ನಡಿಗರಿಗೆ ಸ್ವಲ್ಪ ನಗು ಬಂದೀತು. ಅಲ್ಲಿಗೆ ಆಮೇಲೆ ಬರೋಣ.

ಚೀಟಿ ಎಂಬ ಬೇಲಿ ನಾವಂದುಕೊಂಡಷ್ಟು ಹಳೆಯದಲ್ಲ. 1938ಕ್ಕೆ ಮುಂಚೆ ಅಮೆರಿಕದಲ್ಲಿ ಮಾದಕ ವಸ್ತುಗಳನ್ನು ಬಿಟ್ಟರೆ ಹೆಚ್ಚುಕಡಿಮೆ ಯಾವ ಔಷಧಿಯನ್ನಾದರೂ ಅಂಗಡಿಯಲ್ಲಿ ಕೇಳಿ ಪಡೆಯಬಹುದಿತ್ತು. ಬೇಲಿ ಏಳಲು ಕಾರಣವಾದದ್ದು ಕೂಡ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿಯೇ. ಸಲ್ಫಾನಿಲಮೈಡ್ ಅನ್ನು ದ್ರವರೂಪದಲ್ಲಿ ಮಾರಲು ಹೊರಟ ಕಂಪನಿಯೊಂದು ಅದನ್ನು ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿತು. 1937ರಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳು ಬಹಳ. (ಇದೇ ವಿಷ ಇಂದಿಗೂ ಕೆಮ್ಮಿನ ಸಿರಪ್ಪುಗಳಲ್ಲಿ ಪತ್ತೆಯಾಗುತ್ತಿದೆ ಎಂಬುದು ನಾಚಿಕೆಯ ಮಾತು.) ಮರುವರ್ಷವೇ ಕಾನೂನು ಬಂತು. ಯಾವುದಕ್ಕೆ ಚೀಟಿ ಬೇಕು, ಯಾವುದಕ್ಕೆ ಬೇಡ ಎಂಬ ಗೆರೆಯನ್ನು ಸ್ಪಷ್ಟವಾಗಿ ಎಳೆದದ್ದು 1951ರ ಡರ್ಹಮ್–ಹಂಫ್ರಿ ತಿದ್ದುಪಡಿ. ಅದನ್ನು ಮಂಡಿಸಿದ ಕಾರ್ಲ್ ಡರ್ಹಮ್, ಹ್ಯೂಬರ್ಟ್ ಹಂಫ್ರಿ ಇಬ್ಬರೂ ಮೂಲತಃ ಫಾರ್ಮಸಿಸ್ಟರು! ತಮ್ಮ ಕಸುಬಿನವರ ಕೈಯನ್ನು ತಾವೇ ಕಟ್ಟಿದರು.

ಅಷ್ಟರಲ್ಲಿ ಪೆನಿಸಿಲಿನ್ ಬಂದಾಗಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅದನ್ನು ತಯಾರಿಸಿದ ಕಂಪನಿಗಳ ಪೈಕಿ ಬೇ ಏರಿಯಾದ ಬರ್ಕ್ಲಿಯ ಕಟರ್ ಲ್ಯಾಬೊರೇಟರೀಸ್ ಕೂಡ ಇತ್ತು. ಪಕ್ಕದ ರಿಚ್ಮಂಡ್‌ನಲ್ಲಿ ಕೈಸರ್ ಕಂಪನಿಯ ಹಡಗುಕಟ್ಟೆ. ಅಲ್ಲಿನ ಕಾರ್ಮಿಕರಿಗೆ ಅಂಟುತ್ತಿದ್ದ ನ್ಯುಮೋನಿಯಾಕ್ಕೆ ಮದ್ದು ಮಾಡುತ್ತಲೇ ಡಾಕ್ಟರ್ ಮೋರಿಸ್ ಕೊಲೆನ್ ಆ ರೋಗದ ಚಿಕಿತ್ಸೆಯ ಬಗ್ಗೆ 1948ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಸಾಮಾನ್ಯ ಔಷಧಿ ಅಂಗಡಿಗಳಿಗೆ ಪೆನಿಸಿಲಿನ್ ತಲುಪಿದ್ದು 1945ರ ಮಾರ್ಚ್‌ನಲ್ಲಿ. ಅದೇ ವರ್ಷ ಡಿಸೆಂಬರಿನ ನೊಬೆಲ್ ಭಾಷಣದಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಎಚ್ಚರಿಕೆ ಕೊಟ್ಟರು: ಯಾರು ಬೇಕಾದರೂ ಅಂಗಡಿಯಲ್ಲಿ ಪೆನಿಸಿಲಿನ್ ಕೊಳ್ಳುವ ಕಾಲ ಬಂದರೆ, ಅರೆಬರೆ ನುಂಗಿ ತನ್ನೊಳಗಿನ ರೋಗಾಣುಗಳನ್ನು ಜಗ್ಗದಂತೆ ಬೆಳೆಸುವವನೂ ಹುಟ್ಟಿಕೊಳ್ಳುತ್ತಾನೆ. ಔಷಧಿ ಅಂಗಡಿಗೆ ಬಂದು ವರ್ಷವೂ ತುಂಬಿರಲಿಲ್ಲ.

ಬೇಲಿ ಹಾಕಿದ್ದಾಯಿತು. ಆದರೆ ಬೇಲಿಯ ಆಚೆಗಿದ್ದ ಡಾಕ್ಟರರೂ ಆ್ಯಂಟಿಬಯಾಟಿಕ್ ಅನ್ನು ಧಾರಾಳವಾಗಿಯೇ ಬರೆದರು. ಈಗಲೂ ಅಮೆರಿಕದ ಹೊರರೋಗಿಗಳಿಗೆ ಬರೆಯುವ ಆ್ಯಂಟಿಬಯಾಟಿಕ್‌ಗಳಲ್ಲಿ ಕನಿಷ್ಠ ಶೇ 28ರಷ್ಟು ಬೇಕಾಗಿಯೇ ಇರಲಿಲ್ಲ ಎಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, ಲೆಕ್ಕ ಹಾಕಿದೆ. ಚೀಟಿ ಇದ್ದ ಮಾತ್ರಕ್ಕೆ ವಿವೇಕ ಇತ್ತೆಂದಲ್ಲ.

ಈ ಕಥೆಯ ನಿಜವಾದ ತಿರುವು ಸಾನ್ ಫ್ರಾನ್ಸಿಸ್ಕೊದ ಪಾರ್ನಾಸಸ್ ಗುಡ್ಡದ ಮೇಲಿದೆ. ಅಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಫಾರ್ಮಸಿ ಶಾಲೆ 1872ರಷ್ಟು ಹಳೆಯದು. 1966ರಲ್ಲಿ ಆ ಶಾಲೆಯ ಕೆಲವರು ಮೊಫಿಟ್ ಆಸ್ಪತ್ರೆಯ ಒಂಬತ್ತನೇ ಮಹಡಿಯಲ್ಲಿ, ಶಸ್ತ್ರಚಿಕಿತ್ಸೆ ವಾರ್ಡುಗಳ ನಡುವೆಯೇ ಒಂದು ಪುಟ್ಟ ಫಾರ್ಮಸಿ ತೆರೆದರು. ಹಗಲುರಾತ್ರಿ ತೆರೆದಿರುವ ಫಾರ್ಮಸಿ. ಅಲ್ಲಿಯವರೆಗೆ ಆಸ್ಪತ್ರೆಯ ಫಾರ್ಮಸಿಸ್ಟ್ ಎಂದರೆ ನೆಲಮಾಳಿಗೆಯ ಕಿಟಕಿಯ ಹಿಂದೆ ಕೂತವನು. ರೋಗಿಯ ಮುಖ ಕಂಡವನಲ್ಲ. ಒಂಬತ್ತನೇ ಮಹಡಿಯಲ್ಲಿ ಅವನು ರೋಗಿಯ ದಾಖಲೆ ತೆಗೆದು ನೋಡಿದ. ಎರಡು ಔಷಧಿ ಒಂದಕ್ಕೊಂದು ಹೊಂದುವುದಿಲ್ಲ ಎಂದು ನರ್ಸಿಗೆ ಹೇಳಿದ. ಪ್ರಮಾಣ ಹೆಚ್ಚಾಯಿತಲ್ಲ ಎಂದು ಸರ್ಜನ್ನರನ್ನೇ ಕೇಳಿದ. 'ಕ್ಲಿನಿಕಲ್ ಫಾರ್ಮಸಿ' ಎಂದು ಇಂದು ಜಗತ್ತು ಪಾಠ ಮಾಡುವುದರ ಮುಖ್ಯ ಬೇರೊಂದು ಇಲ್ಲಿದೆ. ಮಾತಾಡಬಾರದೆಂಬ ಆ ಹಳೆಯ ಕಟ್ಟಳೆಯನ್ನು ಸಂಘ 1969ರಲ್ಲಿ ಕೈಬಿಟ್ಟಿತು. 1967ರಿಂದ ಆ ಶಾಲೆಯ ಡೀನ್ ಆಗಿದ್ದ ಜೆರಿ ಗೋಯನ್ 1979ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಮುಖ್ಯಸ್ಥರಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಫಾರ್ಮಸಿಸ್ಟ್ ಅವರೇ. 1990ರ ಒಂದು ಕೇಂದ್ರ ಕಾನೂನಿನ ನಂತರ, ಔಷಧಿ ಕೊಡುವಾಗ ರೋಗಿಗೆ ತಿಳಿಹೇಳಲು ಮುಂದಾಗುವುದು ಕರ್ತವ್ಯವೇ ಆಯಿತು. ಸುಮಾರು ನಲವತ್ತು ವರ್ಷದಲ್ಲಿ ನಿಷೇಧ ಕಡ್ಡಾಯವಾಗಿ ಬದಲಾಯಿತು.

ಅಧಿಕಾರ ಬಂದದ್ದು ಇದೆಲ್ಲ ಆದಮೇಲೆ. 2013ರಲ್ಲಿ ಗವರ್ನರ್ ಜೆರಿ ಬ್ರೌನ್ ಸಹಿ ಹಾಕಿದ ಎಸ್‌.ಬಿ. 493 ಎಂಬ ಮಸೂದೆ 2014ರ ಜನವರಿಯಿಂದ ಜಾರಿಗೆ ಬಂತು. ಕ್ಯಾಲಿಫೋರ್ನಿಯಾದ ಫಾರ್ಮಸಿಸ್ಟರನ್ನು ಆರೋಗ್ಯಸೇವೆ ನೀಡುವವರೆಂದು ಅದು ಒಪ್ಪಿಕೊಂಡಿತು. ಲಸಿಕೆ, ಗರ್ಭನಿರೋಧಕ, ಧೂಮಪಾನ ಬಿಡಿಸುವ ನಿಕೋಟಿನ್ ಔಷಧಿಗಳನ್ನು ಅವರೇ ಕೊಡಬಹುದೆಂದಿತು. ಗಂಟಲುನೋವಿನ ಆ್ಯಂಟಿಬಯಾಟಿಕ್ ಆ ಪಟ್ಟಿಯಲ್ಲಿರಲಿಲ್ಲ. ಮೂತ್ರದ ಸೋಂಕಿನದ್ದೂ ಇರಲಿಲ್ಲ. ಆದರೆ ಪಟ್ಟಿಯಲ್ಲಿ ಒಂದು ಸಾಲಿತ್ತು: ವಿದೇಶಕ್ಕೆ ಹೋಗುವವರಿಗೆ ಸಿಡಿಸಿ ಶಿಫಾರಸು ಮಾಡುವ, ರೋಗನಿರ್ಣಯದ ಅಗತ್ಯವಿಲ್ಲದ ಔಷಧಿಗಳು.

ಪ್ರಯಾಣಿಕರ ಭೇದಿಗೆ ಜೊತೆಯಲ್ಲಿ ಒಯ್ಯುವ ಆ್ಯಂಟಿಬಯಾಟಿಕ್ ಈ ಸಾಲಿನೊಳಗೆ ಸೇರುತ್ತದೆ. ದಕ್ಷಿಣ ಏಷ್ಯಾಕ್ಕೆ ಹೋಗುವವರಿಗೆ ಅದು ಸಾಮಾನ್ಯವಾಗಿ ಅಜಿತ್ರೋಮೈಸಿನ್, ಏಕೆಂದರೆ ಹಿಂದೆ ಕೊಡುತ್ತಿದ್ದ ಸಿಪ್ರೊಫ್ಲಾಕ್ಸಸಿನ್‌ಗೆ ನಮ್ಮ ಕಡೆಯ ಕ್ಯಾಂಪಿಲೊಬ್ಯಾಕ್ಟರ್ ಎಂಬ ಭೇದಿಯ ಬ್ಯಾಕ್ಟೀರಿಯಾ ಬಗ್ಗುವುದಿಲ್ಲ. ಎಂದರೆ, ಡಿಸೆಂಬರ್ ರಜೆಗೆ ಬೆಂಗಳೂರಿಗೆ ಟಿಕೆಟ್ ಮಾಡಿಸಿದ ಫ್ರಿಮಾಂಟ್ ಅಥವಾ ಸನಿವೇಲ್‌ನ ಕನ್ನಡ ಕುಟುಂಬಕ್ಕೆ ಅಲ್ಲಿನ ಫಾರ್ಮಸಿಸ್ಟ್ ಡಾಕ್ಟರನ್ನು ಕೇಳದೆ ಕೊಡಬಹುದಾದ ಆ್ಯಂಟಿಬಯಾಟಿಕ್, ಬೆಂಗಳೂರಿನ ಯಾವ ಬೀದಿಯ ಮೆಡಿಕಲ್ ಶಾಪಿನಲ್ಲೂ ಬಾಯಿಮಾತಿಗೆ ಸಿಗುವ ಅದೇ ಅಜಿತ್ರೋಮೈಸಿನ್. ವಾಪಸು ಬರುವಾಗ ಚಟ್ನಿಪುಡಿ, ಸಾರಿನಪುಡಿಗಳ ನಡುವೆ ಅದರ ನಾಲ್ಕು ಸ್ಟ್ರಿಪ್ ಸೇರಿಸಿಕೊಂಡು ಬರುವವರು ಎಷ್ಟಿಲ್ಲ!

ಮಾತ್ರೆ ಒಂದೇ, ಅದನ್ನು ಕೊಡುವ ರೀತಿ ಬೇರೆ. ಈ ಕೆಲಸಕ್ಕೆ ಇಳಿಯುವ ಕ್ಯಾಲಿಫೋರ್ನಿಯಾದ ಫಾರ್ಮಸಿಸ್ಟ್ ಪ್ರವಾಸವೈದ್ಯದಲ್ಲಿ ಕನಿಷ್ಠ 10 ಗಂಟೆಯ ತರಬೇತಿ ಮುಗಿಸಿರಬೇಕು. ಲಸಿಕೆಯ ಪ್ರಮಾಣಪತ್ರ ಬೇರೆ. ಯಾವ ಊರಿಗೆ, ಎಷ್ಟು ದಿನ, ಉಳಿಯುವುದು ಎಲ್ಲಿ, ಈಗಾಗಲೇ ಯಾವ ಔಷಧಿ ನಡೆಯುತ್ತಿದೆ ಎಂದು ವಿಚಾರಿಸಬೇಕು. ಕೊಟ್ಟದ್ದನ್ನು 30 ದಿನದೊಳಗೆ ಆ ವ್ಯಕ್ತಿಯ ಡಾಕ್ಟರಿಗೆ ತಿಳಿಸಬೇಕು. ಇಷ್ಟೆಲ್ಲ ಕಿರಿಕಿರಿ ಮೂರು ಮಾತ್ರೆಗಾಗಿ ಯಾಕೆ ಎನ್ನಬಹುದು. ಫಿನ್ಲೆಂಡಿನ ಅನು ಕಾಂಟೆಲೆ ಮತ್ತು ಸಂಗಡಿಗರು 430 ಪ್ರಯಾಣಿಕರ ಮಲವನ್ನು ಹೊರಡುವ ಮುಂಚೆ, ಬಂದ ಮೇಲೆ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ಉತ್ತರವಿದೆ. ಭೇದಿಯೂ ಆಗದೆ, ಆ್ಯಂಟಿಬಯಾಟಿಕ್ಕೂ ನುಂಗದವರಲ್ಲಿ ಶೇ 11 ಮಂದಿ ಪ್ರಬಲ ಆ್ಯಂಟಿಬಯಾಟಿಕ್‌ಗಳಿಗೆ ಜಗ್ಗದ ಕರುಳಿನ ಬ್ಯಾಕ್ಟೀರಿಯಾ ಹೊತ್ತು ಮನೆಗೆ ಬಂದರು. ಭೇದಿಯಾಗಿ ಆ್ಯಂಟಿಬಯಾಟಿಕ್ ನುಂಗಿದವರಲ್ಲಿ ಅದು ಶೇ 37. ಅಪಾಯ ಹೆಚ್ಚಿದ್ದದ್ದು ದಕ್ಷಿಣ ಏಷ್ಯಾಕ್ಕೆ ಹೋದವರಿಗೆ. ಆದ್ದರಿಂದಲೇ ಸಾಧಾರಣ ಭೇದಿಗೆ ಮಾತ್ರೆ ಬೇಡ, ಓಆರ್‌ಎಸ್ ಸಾಕು; ಜ್ವರ, ರಕ್ತ, ಎದ್ದು ಓಡಾಡಲಾಗದ ಸ್ಥಿತಿ ಇದ್ದರೆ ಮಾತ್ರ ನುಂಗಿ ಎಂದು ಹೇಳಿಯೇ ಪೊಟ್ಟಣ ಕೈಗಿಡಬೇಕಾಗುತ್ತದೆ. ಮಾತ್ರೆಗಿಂತ ಈ ಮಾತಿಗೇ ಬೆಲೆ ಹೆಚ್ಚು ಎಂದು ನನಗನ್ನಿಸುತ್ತದೆ.

ಬೇ ಏರಿಯಾ ಬೇಲಿ ಸಡಿಲಿಸಿದ್ದೂ ಉಂಟು, ಬಿಗಿ ಮಾಡಿದ್ದೂ ಉಂಟು. ಸಾನ್ ಮೆಟಿಯೊ ಕಡೆಯ ರಾಜ್ಯ ಸೆನೆಟರ್ ಆಗಿದ್ದ ಜೆರಿ ಹಿಲ್ ತಂದ ಮಸೂದೆಗಳಿಂದ ಆಸ್ಪತ್ರೆಗಳಿಗೆ ಆ್ಯಂಟಿಬಯಾಟಿಕ್ ಬಳಕೆಯ ಮೇಲೆ ಕಣ್ಣಿಡುವ ವ್ಯವಸ್ಥೆ ಕಡ್ಡಾಯವಾಯಿತು. 2018ರಿಂದ ಕೋಳಿ, ದನ, ಹಂದಿಗಳಿಗೂ ಪಶುವೈದ್ಯರ ಚೀಟಿ ಬೇಕಾಯಿತು. ಇತ್ತ ಸಾನ್ ಫ್ರಾನ್ಸಿಸ್ಕೊ ಆರೋಗ್ಯ ಇಲಾಖೆ 2022ರ ಅಕ್ಟೋಬರಿನಲ್ಲಿ, ಅಸುರಕ್ಷಿತ ಲೈಂಗಿಕ ಸಂಪರ್ಕದ ನಂತರ 72 ಗಂಟೆಯೊಳಗೆ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ನುಂಗುವ ಕ್ರಮವನ್ನು ಸೋಂಕಿನ ಅಪಾಯ ಹೆಚ್ಚಿರುವ ಕೆಲವರಿಗೆ ಶಿಫಾರಸು ಮಾಡಿತು. ದೇಶದಲ್ಲಿ ಇದೇ ಮೊದಲು. ಈ ಗುಂಪಿನಲ್ಲಿ ಕ್ಲಮಿಡಿಯಾ, ಸಿಫಿಲಿಸ್ ನಿರೀಕ್ಷೆಗಿಂತ ಸುಮಾರು ಅರ್ಧದಷ್ಟು ಇಳಿದವು. ಗೊನೊರಿಯಾ ಇಳಿಯಲಿಲ್ಲ.

ಇನ್ನು ನಮ್ಮ ಕಡೆಗೆ. ಚೀಟಿ ಇಲ್ಲದೆ ಆ್ಯಂಟಿಬಯಾಟಿಕ್ ಮಾರುವಂತಿಲ್ಲ ಎಂಬ ಕಾನೂನು ಭಾರತದಲ್ಲೂ ಇದೆ. ಸಾಲದೆಂದು 2014ರ ಮಾರ್ಚ್ 1ರಿಂದ 'ಶೆಡ್ಯೂಲ್ ಎಚ್1' ಬಂತು. 46 ಔಷಧಿಗಳ ಪಟ್ಟಿ. ಬರೆದ ಡಾಕ್ಟರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣವನ್ನು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಅಜಿತ್ರೋಮೈಸಿನ್ ಆ ಪಟ್ಟಿಯಲ್ಲೇ ಇಲ್ಲ, ಚೀಟಿ ಮಾತ್ರ ಕೇಳುವ ಹಳೆಯ ಶೆಡ್ಯೂಲ್ ಎಚ್‌ನಲ್ಲಿ ಉಳಿದುಕೊಂಡಿತು. ಕ್ಯಾಲಿಫೋರ್ನಿಯಾದಲ್ಲಿ ಮೊದಲು ಜವಾಬ್ದಾರಿ ಕಲಿಸಿದರು, ಅರ್ಧ ಶತಮಾನ ಕಾದು ಅಧಿಕಾರವನ್ನು ಒಂದೊಂದೇ ಸಾಲಾಗಿ ಕೊಟ್ಟರು. ನಮ್ಮ ಅಂಗಡಿಯವನಿಗೆ ಅಧಿಕಾರ ಯಾರೂ ಕೊಡದೆಯೇ ಸಿಕ್ಕಿತು, ಜೊತೆಗೆ ಬರಬೇಕಾದದ್ದು ಬರಲಿಲ್ಲ. ಇದಕ್ಕೆ ಅವನೊಬ್ಬನನ್ನೇ ದೂರುವುದು ಸರಿಯಲ್ಲ. ಡಾಕ್ಟರ ಫೀಸಿಗೂ ದಿನಗೂಲಿ ತಪ್ಪುವುದಕ್ಕೂ ಹೆದರಿ ಬರುವ ಗಿರಾಕಿ 'ಸ್ವಲ್ಪ ಪವರ್ ಇರೋದು ಕೊಡಿ' ಎಂದು ಕೌಂಟರಿನ ಮುಂದೆ ನಿಂತಾಗ, ಬೇಡ ಎನ್ನಲು ಅವನಿಗೆ ಓದೂ ಬೇಕು, ಬೆಂಬಲವೂ ಬೇಕು.

ಓದಿದವರು ಇಲ್ಲವೆಂದಲ್ಲ. ಮೈಸೂರಿನ ಜೆ.ಎಸ್.ಎಸ್. ಫಾರ್ಮಸಿ ಕಾಲೇಜು 1990ರ ದಶಕದಲ್ಲೇ ಕ್ಲಿನಿಕಲ್ ಫಾರ್ಮಸಿಯ ಪಾಠವನ್ನು ಆಸ್ಪತ್ರೆಯ ವಾರ್ಡಿಗೆ ಒಯ್ದಿತು. 2008ರಿಂದ ದೇಶದಲ್ಲಿ ಆರು ವರ್ಷದ ಫಾರ್ಮ್‌.ಡಿ. ಪದವಿಯಿದೆ. ಅಂಥವರನ್ನು ಬೀದಿಯ ಮೆಡಿಕಲ್ ಶಾಪಿನ ಕೌಂಟರಿಗೆ ತರುವ, ಅವರ ಮಾತಿಗೆ ಸಂಬಳ ಕೊಡುವ ದಾರಿಯನ್ನು ಸರ್ಕಾರ ಮೊದಲು ಹುಡುಕಲಿ. ಅಲ್ಲಿಯವರೆಗೆ ಓದುಗರಲ್ಲಿ ಒಂದು ಕೋರಿಕೆ: ಮುಂದಿನ ಸಲ ಔಷಧಿ ಅಂಗಡಿಗೆ ಹೋದಾಗ ಆ್ಯಂಟಿಬಯಾಟಿಕ್ ಕೇಳಬೇಡಿ, ಫಾರ್ಮಸಿಸ್ಟ್ ಇದ್ದಾರೆಯೇ ಎಂದು ಕೇಳಿ.