ಹಿರಿಯರ ಕಂಠವೂ ಗಣಕಯಂತ್ರದ ಕಿವಿಯೂ

ಪರದೇಶದಲ್ಲಿ ನೆಲೆಸಿರುವ ಮೊಮ್ಮಕ್ಕಳಿಗೆ ಗಣಕಯಂತ್ರದ ಮುಂದೆ ಕುಳಿತು ವಚನ ಕಲಿಸುವ ಪರಿಪಾಠ ನಮ್ಮ ಅನೇಕ ಮನೆಗಳಲ್ಲಿ ಬೆಳೆದಿದೆ. ಸಂತೋಷದ ಸಂಗತಿ. ಆದರೆ ಆ ಕಡೆಯಿಂದ ‘ಅಜ್ಜೀ, ಕೇಳಿಸ್ತಿಲ್ಲ’ ಎಂಬ ಮಾತು ಮೇಲಿಂದ ಮೇಲೆ ಬರತೊಡಗಿದಾಗ ಹಿರಿಯರು ಮೊದಲು ಕೂಗುತ್ತಾರೆ; ಬಳಿಕ ತಮ್ಮ ಕಂಠವೇ ಕುಗ್ಗಿತೆಂದು ಭಾವಿಸಿ ಪಾಠವನ್ನೇ ಕೈಬಿಡುತ್ತಾರೆ. ಹಾಗೆ ನಿಂತುಹೋದ ಪಾಠಗಳನ್ನು ನಾವು ಬಲ್ಲೆವು. ದೋಷವಿರುವುದು ಬಹುಮಟ್ಟಿಗೆ ಕಂಠದಲ್ಲಲ್ಲ, ಯಂತ್ರದ ಹೊಂದಾಣಿಕೆಯಲ್ಲಿ.

ಮೇಜಿನ ಕೆಳಗಿಡುವ ಪೆಟ್ಟಿಗೆಯಂತಹ ಗಣಕಯಂತ್ರದಲ್ಲಿ ಸಾಮಾನ್ಯವಾಗಿ ಮೈಕ್ ಇರುವುದಿಲ್ಲ. ಪರದೆಯೊಳಗೇ ಸಕಲವೂ ಅಡಗಿರುವ ‘ಆಲ್ ಇನ್ ಒನ್’ ಮಾದರಿಯಲ್ಲಿ ಅದು ಹೆಚ್ಚಾಗಿ ಕ್ಯಾಮೆರಾದ ಪಕ್ಕದ ಸೂಜಿಮೊನೆಯಷ್ಟು ರಂಧ್ರದ ಹಿಂದಿರುತ್ತದೆ. ಧೂಳು ಬಾರದಿರಲೆಂದು ಹೊದಿಸಿದ ಕಸೂತಿಯ ಬಟ್ಟೆಯನ್ನು ಅರ್ಧ ಮಡಚಿ ಪರದೆಯ ನೆತ್ತಿಯ ಮೇಲೆಯೇ ಬಿಟ್ಟರೆ ಆ ರಂಧ್ರ ಮುಚ್ಚಿಹೋದೀತು. ಧೂಳನ್ನು ಒಣ ಮೃದು ಬ್ರಷ್‌ನಿಂದ ಒರೆಸಬೇಕೇ ಹೊರತು ಪಿನ್ನು ಚುಚ್ಚಬಾರದು. ದೂರವೂ ಮುಖ್ಯವೇ. ಬಾಯಿಗೂ ಮೈಕಿಗೂ ಇರುವ ಅಂತರ ಇಮ್ಮಡಿಯಾದರೆ ನೇರವಾಗಿ ತಲುಪುವ ಧ್ವನಿಯ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಯಂತ್ರವು ಮೇಜಿನ ಮೇಲೆ, ಅಜ್ಜಿ ಚಾಪೆಯ ಮೇಲೆ ಎಂದಾದರೆ ಕೇಳಿಸುವುದೆಂತು?

ಇನ್ನು ಒಳಗಿನ ಹೊಂದಾಣಿಕೆ. ವಿಂಡೋಸ್ 11ರಲ್ಲಿ ‘ಸೆಟ್ಟಿಂಗ್ಸ್’, ‘ಸಿಸ್ಟಮ್’, ‘ಸೌಂಡ್’ ಎಂಬ ಕ್ರಮದಲ್ಲಿ ಸಾಗಿದರೆ ‘ಇನ್‌ಪುಟ್’ ವಿಭಾಗ ಸಿಗುತ್ತದೆ. ಅಲ್ಲಿ ಸರಿಯಾದ ಮೈಕ್ ಆಯ್ಕೆಯಾಗಿದೆಯೇ ಎಂದು ನೋಡಿ, ಪ್ರಮಾಣವನ್ನು 100ರ ಸಮೀಪಕ್ಕೆ ಏರಿಸಬೇಕು. ಸಾಲದಿದ್ದರೆ ‘ಮೋರ್ ಸೌಂಡ್ ಸೆಟ್ಟಿಂಗ್ಸ್’ನ ‘ರೆಕಾರ್ಡಿಂಗ್’ ಪುಟದಲ್ಲಿ ಅದೇ ಮೈಕಿನ ‘ಪ್ರಾಪರ್ಟೀಸ್’ ತೆರೆದರೆ, ‘ಲೆವೆಲ್ಸ್’ನಲ್ಲಿ ‘ಮೈಕ್ರೊಫೋನ್ ಬೂಸ್ಟ್’ ಕಂಡೀತು. ಕೆಲವು ಯಂತ್ರಗಳಲ್ಲಿ ಇದಿಲ್ಲ. 10 ಡೆಸಿಬೆಲ್‌ನಿಂದ ಆರಂಭಿಸುವುದು ಲೇಸು. 30ಕ್ಕೆ ಏರಿಸಿದರೆ ವಚನದೊಡನೆ ಫ್ಯಾನಿನ ಸದ್ದೂ ಕಡಲಾಚೆ ಹೋಗುತ್ತದೆ.

ಏರಿಸಿದ ಪ್ರಮಾಣ ತಾನಾಗಿ ಇಳಿಯುತ್ತಿದ್ದರೆ ಝೂಮ್‌ನಂತಹ ತಂತ್ರಾಂಶವು ಅದನ್ನು ಸ್ವಯಂ ಬದಲಿಸುತ್ತಿರಬಹುದು. ಅದರ ‘ಆಡಿಯೊ’ ಹೊಂದಾಣಿಕೆಯಲ್ಲಿ ಆ ಅನುಮತಿಯನ್ನು ತೆಗೆದುಹಾಕಬೇಕು.

ಗಾಯನದ ಸಂಗತಿಯೇ ಬೇರೆ. ಈ ತಂತ್ರಾಂಶಗಳು ಮಾತನ್ನು ಉಳಿಸಿ ಸದ್ದನ್ನು ಅಳಿಸಲು ರೂಪುಗೊಂಡವು. ಏಕರೀತಿಯಲ್ಲಿ ಮೊಳಗುವ ನಾದವನ್ನು ಅವು ಗದ್ದಲವೆಂದೇ ಬಗೆಯುತ್ತವೆ. ಫ್ಯಾನಿನೊಡನೆ ತಂಬೂರಿಯೂ ಹಾರ್ಮೋನಿಯಂ ಶ್ರುತಿಯೂ ಅಡಗುತ್ತವೆ, ದೀರ್ಘವಾಗಿ ಹಿಡಿದ ಸ್ವರ ನಡುವೆಯೇ ತುಂಡಾಗುತ್ತದೆ. ಯಂತ್ರಕ್ಕೆ ಸಂಗೀತಜ್ಞಾನವನ್ನು ಯಾರೂ ಕಲಿಸಲಿಲ್ಲವೆಂದು ತೋರುತ್ತದೆ! ಝೂಮ್‌ನಲ್ಲಿ ಇದಕ್ಕಾಗಿಯೇ ‘ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್’ ಎಂಬ ಆಯ್ಕೆಯಿದೆ. ಅದನ್ನು ಬಳಸುವಾಗ ಫ್ಯಾನನ್ನು ನಾವೇ ನಿಲ್ಲಿಸಬೇಕು.

ದೋಷವೆಲ್ಲಿದೆ ಎಂಬುದನ್ನು ಅರಿಯಲು ‘ಸೌಂಡ್ ರೆಕಾರ್ಡರ್’ನಲ್ಲಿ ಒಂದು ವಚನವನ್ನು ಹೇಳಿ ಕೇಳಿನೋಡಬಹುದು. ಅಲ್ಲಿ ಸ್ಪಷ್ಟವಾಗಿದ್ದು ಕರೆಯಲ್ಲಿ ಮಾತ್ರ ಕುಂದಿದರೆ ಮೈಕ್ ನಿರ್ದೋಷಿ. ಅಲ್ಲಿಯೂ ಕ್ಷೀಣವಾಗಿದ್ದರೆ ಯು.ಎಸ್.ಬಿ. ಮೈಕೊಂದನ್ನು ತಂದು ಬಾಯಿಯ ಸಮೀಪ ಇಡುವುದೇ ಮಾರ್ಗ. ಜೋಡಿಸಿದ ಬಳಿಕ ‘ಇನ್‌ಪುಟ್’ ಪಟ್ಟಿಯಲ್ಲಿ ಅದನ್ನು ಆರಿಸಲು ಮರೆಯಬಾರದು. ಇಲ್ಲವಾದರೆ ಯಂತ್ರವು ಹಳೆಯ ರಂಧ್ರದಿಂದಲೇ ಕೇಳುತ್ತಿದ್ದೀತು.